ಸಿಂಕಿನ ಕೆಳಗಿನ ನಂಬರು

ಆಫರ್ ಅಳಿಯ ಮಾವನ ಮನೆಗೆ ಬಂದದ್ದು ಎರಡು ತಿಂಗಳ ಮಟ್ಟಿಗೆ. ಬಂದು ನಾಲ್ಕು ವರ್ಷವಾಗಿತ್ತು. ಇಷ್ಟು ದಿನದಲ್ಲಿ ಅವನು ಬದಲಾಯಿಸದೆ ಬಿಟ್ಟದ್ದೆಂದರೆ ಊಟದ ಮೇಜಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಒಂದನ್ನೇ. ಮಿಕ್ಕಂತೆ ಫೋನು ಬದಲಾಯಿತು, ಸಿಮ್ಮು ಬದಲಾಯಿತು, ಕಂಪನಿ ಬದಲಾಯಿತು, ಅವನ ನಂಬರಂತೂ ಹೇಳುವ ಹಾಗೇ ಇಲ್ಲ. ನೆಂಟರಿಷ್ಟರ ಫೋನುಗಳಲ್ಲಿ ಅವನು 'ಅಳಿಯ', 'ಅಳಿಯ ಹೊಸದು', 'ಅಳಿಯ ತೀರಾ ಹೊಸದು', 'ಅಳಿಯ ಇದೇ ಕೊನೆ' ಎಂದು ಸಾಲಾಗಿ ಕೂತಿದ್ದ. ಆಫರ್ ಅಳಿಯ ಅನ್ನುವ ಹೆಸರಿಟ್ಟವರು ಕೆಳಗಿನ ಮನೆಯವರು. ಅದು ಕಿವಿಗೆ ಬಿದ್ದಾಗ ಅವನ ಅತ್ತೆ ಮೇಸ್ತ್ರಮ್ಮನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ಒಪ್ಪುವ ಹೆಸರು ತನಗೇ ಯಾಕೆ ಹೊಳೆಯಲಿಲ್ಲ ಅನ್ನಿಸಿತು, ಅಷ್ಟೆ.

ಅಳಿಯನಿಗೆ ಕೆಲಸವಿಲ್ಲದೆ ಇರಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಡಬ್ಬಗಳ ಮೇಲೆ ವಿಳಾಸದ ಚೀಟಿ ಅಂಟಿಸುತ್ತಿದ್ದ. ಅದನ್ನು ಅವನು ಕೆಲಸದ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವನ ನಿಜವಾದ ಕಸುಬು ಮೊಬೈಲ್ ಕಂಪನಿಗಳಿಗೆ ಟೋಪಿ ಹಾಕುವುದು. ಹಾಗಂತ ಅವನು ತಿಳಿದಿದ್ದ. ಯಾರ ಟೋಪಿ ಯಾರ ತಲೆಯ ಮೇಲಿದೆ ಅನ್ನುವುದು ಅವನೊಬ್ಬನನ್ನು ಬಿಟ್ಟು ಮನೆಯವರೆಲ್ಲರಿಗೂ ಕಾಣುತ್ತಿತ್ತು.

"ಕಂಪನಿಯೋರೇ ಮಾರೋ ಫೋನ್ ಇದೆಯಲ್ಲ ಮಾವ, ಅದು ಗೂಟಕ್ಕೆ ಕಟ್ಟಿದ ಹಸು ಇದ್ದ ಹಾಗೆ," ಎನ್ನುತ್ತಿದ್ದ ಬಾಯಿತುಂಬ ಮೊಟ್ಟೆ ಇಟ್ಟುಕೊಂಡು. "ಅವರ ಸಿಮ್ ಬಿಟ್ಟು ಬೇರೆಯವರದ್ದು ಹಾಕಿದ್ರೆ ಅಲ್ಲಾಡಲ್ಲ. ಅದೇ ಅನ್‌ಲಾಕ್ ಆದ ಫೋನ್ ತಗೊಳ್ಳಿ, ಇವತ್ತು ಇವನ ಸಿಮ್ಮು, ನಾಳೆ ಅವನ ಸಿಮ್ಮು. ಯಾರು ಕಡಿಮೆಗೆ ಕೊಡ್ತಾನೋ ಅವನ ಹತ್ರ ಹೋಗ್ತಾ ಇರೋದು. ನಾನು ಯಾವ ಕಂಪನಿಗೂ ಗುಲಾಮ ಅಲ್ಲ."

"ಕೇಳಿದ್ಯೇನೇ?" ಎಂದಳು ಮೇಸ್ತ್ರಮ್ಮ ಮಗಳ ಕಡೆ ತಿರುಗಿ. "ಗೂಟ ಬಿಚ್ಚಿದ ಹಸು ಕಂಡೋರ ಹೊಲದಲ್ಲೇ ಮೇಯೋದು. ನಾನೂ ನೋಡ್ತಾನೇ ಇದೀನಿ."

ಅಳಿಯನ ಮುಖಕ್ಕೆ ಹೊಡೆದ ಹಾಗೆ ಮಾತಾಡಬಾರದು ಅನ್ನುವುದು ಮೇಸ್ತ್ರಮ್ಮ ತಾನೇ ಹಾಕಿಕೊಂಡ ಕಟ್ಟು. ಮಾತಾಡದೆ ಇರುವುದೂ ಅವಳ ಕೈಲಾಗದು. ಹಾಗಾಗಿ ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಅವನು ಪಕ್ಕದಲ್ಲೇ ಕೂತಿರುವಾಗ ಮಗಳಿಗೆ ಹೇಳುತ್ತಿದ್ದಳು. ಮಗಳು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು, ಕಾಲು ನೀವಿಕೊಳ್ಳುತ್ತ ಇಬ್ಬರ ನಡುವೆ ಕೂತಿರುತ್ತಿದ್ದಳು.

"ಅಮ್ಮಾ, ಅವರಿಗೆ ಹೇಳೋದನ್ನ ಅವರಿಗೇ ಹೇಳು. ನಾನೇನು ಟಪಾಲು ಡಬ್ಬಾನಾ?"

"ನಾನು ಅವರಿಗೆ ಏನಂದೆ? ಹಸು ವಿಷಯ ಹೇಳಿದೆ."

ಮನೆಯ ಯಜಮಾನ ನಲ್ಲಿ ಮೇಸ್ತ್ರಿ. ಊರಿನ ಅರ್ಧ ಅಡುಗೆಮನೆಗಳ ಪೈಪು ಅವನ ಕೈಯಲ್ಲಿ ಹಾದುಹೋದದ್ದು. ಅವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಯಾವ ಮನೆಯಲ್ಲಿ ಕೆಲಸ ಮಾಡಿದರೂ ಕೊನೆಗೆ ಚೀಲದಿಂದ ಕಪ್ಪು ಬಣ್ಣದ ಸಣ್ಣ ಡಬ್ಬಿ ತೆಗೆದು, ಸಿಂಕಿನ ಕೆಳಗೆ, ನೀರು ನಿಲ್ಲಿಸುವ ವಾಲ್ವಿನ ಪಕ್ಕದ ಗೋಡೆಗೆ ತನ್ನ ಫೋನ್ ನಂಬರು ಬರೆದು ಬರುತ್ತಿದ್ದ. ಸೊಟ್ಟ ಸೊಟ್ಟ ಅಂಕಿ. "ಪೈಪ್ ಒಡೆದಾಗ ಜನ ಎಲ್ಲಿ ಬಗ್ತಾರೆ? ಅಲ್ಲೇ ತಾನೇ ಬಗ್ತಾರೆ? ಅಲ್ಲೇ ಕಾಣ್ಬೇಕು ನಾನು," ಅನ್ನುವುದು ಅವನ ವಾದ. ಬಾಡಿಗೆದಾರರು ಬದಲಾದರು, ಗೋಡೆಗೆ ಸುಣ್ಣ ಬಿತ್ತು, ಸಿಂಕಿನ ಕೆಳಗೆ ಯಾರೂ ಸುಣ್ಣ ಹೊಡೆಯುವುದಿಲ್ಲವಾದ್ದರಿಂದ ನಂಬರು ಉಳಿಯಿತು.

ಆ ನಂಬರು ಬಡಿದುಕೊಳ್ಳುತ್ತಿದ್ದುದು ಗುಂಡಿಯೊತ್ತುವ ಒಂದು ಹಳೇ ಫೋನಿನಲ್ಲಿ. ಬೆನ್ನು ಬಿರುಕುಬಿಟ್ಟು ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು. ಅದಕ್ಕೆ ಊಟದ ಹೊತ್ತು ಚೆನ್ನಾಗಿ ಗೊತ್ತಿತ್ತು. ಮೇಸ್ತ್ರಿ ಮೊದಲ ತುತ್ತು ಎತ್ತುವುದಕ್ಕೂ ಯಾರದೋ ಬಚ್ಚಲು ಕಟ್ಟಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಅವನು ಎದ್ದು ಹೋಗುತ್ತಿದ್ದ. ಮೇಸ್ತ್ರಮ್ಮ ತಟ್ಟೆ ಮುಚ್ಚಿಟ್ಟು, "ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡಲ್ಲ ಈ ಪೀಡೆ," ಎಂದು ಫೋನಿಗೆ ಶಾಪ ಹಾಕುತ್ತಿದ್ದಳು. ಅವಳಿಗೆ ಸ್ವಂತ ಫೋನಿರಲಿಲ್ಲ. ಕೂಗಿದರೆ ಮೂರು ಮಹಡಿಗೂ ಕೇಳಿಸುತ್ತಿತ್ತು, ಫೋನ್ ಯಾಕೆ ಬೇಕು?

ಒಂದು ರಾತ್ರಿ ಊಟಕ್ಕೆ ಕೂತಾಗ ಅಳಿಯ ಹೊಸ ಸಂಗತಿ ಎತ್ತಿದ. ಯಾವುದೋ ಹೊಸ ಕಂಪನಿ ಫ್ಯಾಮಿಲಿ ಪ್ಲಾನ್ ತಂದಿದೆ, ನಾಲ್ಕು ನಂಬರು ಒಟ್ಟಿಗೆ ಬಂದರೆ ಅರ್ಧ ವರ್ಷ ಬಿಟ್ಟಿ. ತನ್ನವು ಎರಡು, ಹೆಂಡತಿಯದು ಒಂದು, ಬೇಕಾದ್ದು ಇನ್ನೊಂದು. ಅದಕ್ಕಾಗಿ ಮಾವನಿಗೆ ದೊಡ್ಡ ಪರದೆಯ ಅನ್‌ಲಾಕ್ ಫೋನು, ಸೆಕೆಂಡ್ ಹ್ಯಾಂಡ್ ಆದರೂ ಗೀರಿಲ್ಲದ್ದು, ತಾನೇ ತಂದುಕೊಡುತ್ತಾನೆ.

"ದೊಡ್ಡದು ಅಂದ್ರೆ, ಆ ಪೈಪ್ ಅಂಗಡಿಯವನ ಹತ್ರ ಇದೆಯಲ್ಲ, ಅಷ್ಟು ದೊಡ್ಡದಾ?" ಎಂದ ಮೇಸ್ತ್ರಿ. ಅವನ ಕಣ್ಣು ಹೊಳೆದದ್ದನ್ನು ನೋಡಿ ಮೇಸ್ತ್ರಮ್ಮನಿಗೆ ಮೈ ಉರಿಯಿತು. ಅರವತ್ತರ ಹತ್ತಿರ ಬಂದ ಗಂಡಸು, ಆಟಿಕೆ ತೋರಿಸಿದ ಕೂಡಲೇ ಕೈ ಚಾಚುವುದೇ?

"ಅದಕ್ಕಿಂತ ದೊಡ್ಡದು ಮಾವ."

"ನಂಬರ್ ಅದೇ ಇರುತ್ತಲ್ವಾ?"

"ನಂಬರ್ ಎಲ್ಲಿಗೆ ಹೋಗುತ್ತೆ? ನಂಬರ್ ಅದೇ, ಕಂಪನಿ ಬೇರೆ. ಮನೆ ಬದಲಾಯಿಸಿದ್ರೆ ಮನುಷ್ಯನ ಹೆಸರು ಬದಲಾಗುತ್ತಾ?"

"ನೋಡೇ," ಎಂದಳು ಮೇಸ್ತ್ರಮ್ಮ ಮಗಳಿಗೆ, "ಮನೆ ಬದಲಾಯಿಸೋ ಮಾತು ನಿಮ್ಮ ಯಜಮಾನ್ರ ಬಾಯಲ್ಲಿ ಬಂದಿದ್ದು ಇದೇ ಮೊದಲು."

ಮಗಳು ತಟ್ಟೆ ನೋಡುತ್ತ ಕೂತಳು. ಅಳಿಯ ಕೇಳಿಸದವನ ಹಾಗೆ ಇನ್ನೊಂದು ಮೊಟ್ಟೆ ಬಡಿಸಿಕೊಂಡ.

"ರೀ, ಇರೋ ಫೋನ್ ಕೆಟ್ಟಿಲ್ಲ, ನಂಬರ್ ಕೆಟ್ಟಿಲ್ಲ. ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ. ಬೇಡ."

"ನಿನಗೇನು ಗೊತ್ತಾಗುತ್ತೆ ಬಿಡು," ಎಂದ ಮೇಸ್ತ್ರಿ. ಹಾಗೆಂದವನು ಎಲ್ಲಿ ಸಹಿ ಹಾಕಬೇಕೆಂದು ಅಳಿಯನನ್ನು ಕೇಳಿದ.

ಮುಂದಿನ ವಾರ ದೊಡ್ಡ ಫೋನು ಬಂತು. ಮೇಸ್ತ್ರಿಯ ಬೆರಳ ತುದಿಗಳು ಪೈಪು ತಿರುಗಿಸಿ ತಿರುಗಿಸಿ ಸವೆದು ಗಟ್ಟಿಯಾಗಿದ್ದವು, ಪರದೆಗೆ ಅವು ಬೆರಳೆಂದೇ ತಿಳಿಯುತ್ತಿರಲಿಲ್ಲ. ಅವನು ಕಿರುಬೆರಳಿನಿಂದ ಕುಟ್ಟುತ್ತ ಕೂತ. ಸಿಗ್ನಲ್ಲು ಮನೆಯೊಳಗೆ ಬರದೆ ಮೆಟ್ಟಿಲ ತಿರುವಿನಲ್ಲಿ ಮಾತ್ರ ಸಿಗುತ್ತಿತ್ತು. ಅಳಿಯ ಅಲ್ಲಿ ಒಂದು ಕೈ ಮೇಲೆತ್ತಿ ನಿಂತು, "ಗೋಡೆ ದಪ್ಪ ಆಯ್ತು, ಈ ಕಟ್ಟಡ ಕಟ್ಟಿದವನಿಗೆ ಬುದ್ಧಿ ಇಲ್ಲ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಸ್ತ್ರಮ್ಮ ಅದನ್ನು ಮಗಳಿಗೂ ಹೇಳಲಿಲ್ಲ, ಕಸ ಗುಡಿಸುತ್ತ ಮೆಟ್ಟಿಲಿಗೇ ಹೇಳಿದಳು.

"ನಂಬರು ಈ ಕಡೆ ಬರೋಕೆ ಸ್ವಲ್ಪ ದಿನ ಆಗುತ್ತೆ ಮಾವ. ಪ್ರೋಸೆಸ್ ಆಗ್ತಾ ಇದೆ. ಅಲ್ಲೀವರೆಗೂ ಈ ಟೆಂಪರರಿ ನಂಬರ್ ಇಟ್ಕೊಂಡಿರಿ."

ಪ್ರೋಸೆಸ್ ಆಗುತ್ತಲೇ ಇತ್ತು. ಮೊದಲ ವಾರ ಮೇಸ್ತ್ರಿ ಖುಷಿಯಾಗಿದ್ದ. ಬಿಸಿ ಊಟ, ಮಧ್ಯಾಹ್ನದ ನಿದ್ದೆ, ಕೈಯಲ್ಲಿ ದೊಡ್ಡ ಫೋನು. ಎರಡನೇ ವಾರ, "ಈ ಸಲ ಯಾರ ಮನೇಲೂ ಏನೂ ಕೆಡ್ತಾ ಇಲ್ಲಪ್ಪ, ಒಳ್ಳೇದೇ," ಎಂದ. ಮೂರನೇ ವಾರ ಏನೂ ಅನ್ನಲಿಲ್ಲ.

ಮೇಸ್ತ್ರಮ್ಮನಿಗೆ ಅನುಮಾನ ಬಂದದ್ದು ಬಟ್ಟೆ ಒಣಗಿಸುವ ತಂತಿಯ ಹತ್ತಿರ. ಮದುವೆಯಾದಂದಿನಿಂದ ಆ ಬಾಲ್ಕನಿಯ ತಂತಿಯ ಮೇಲೆ ಮೇಸ್ತ್ರಿಯ ಪ್ಯಾಂಟು ಒಂದು ದಿನ ತಪ್ಪದೆ ನೇತಾಡಿತ್ತು: ಮೊಣಕಾಲಿನವರೆಗೆ ಒದ್ದೆ, ಕೆಸರಿನ ಕಲೆ, ತುಕ್ಕಿನ ಕಲೆ. ಉಜ್ಜಿ ಉಜ್ಜಿ ಅವಳ ಕೈ ಒಡೆದಿತ್ತು. ಈಗ ತಂತಿಯ ಮೇಲೆ ಮಗಳ ಅಂಗಡಿಯ ಬಿಳಿ ಕೋಟು, ಅಳಿಯನ ಬಣ್ಣದ ಅಂಗಿಗಳು. ಪ್ಯಾಂಟಿಲ್ಲ. ಎಲ್ಲರ ಮನೆಯ ನಲ್ಲಿಗಳೂ ಒಟ್ಟಿಗೇ ಸರಿಹೋದವೇ?

ಮಗಳ ಫೋನು ತೆಗೆದುಕೊಂಡು ಗಂಡನ ನಂಬರು ಒತ್ತಿದಳು. ಎಷ್ಟು ಗೋಡೆಗಳ ಮೇಲೆ ನೋಡಿದ ನಂಬರು, ಕಣ್ಣು ಮುಚ್ಚಿಕೊಂಡೂ ಒತ್ತಬಲ್ಲಳು. "ನೀವು ಕರೆ ಮಾಡುತ್ತಿರುವ ಸಂಖ್ಯೆ ಅಸ್ತಿತ್ವದಲ್ಲಿಲ್ಲ," ಎಂದಿತು ಒಂದು ಹೆಣ್ಣು ದನಿ, ಬಹಳ ಮರ್ಯಾದೆಯಿಂದ. ಮತ್ತೆ ಒತ್ತಿದಳು. ಮತ್ತೂ ಅದೇ ಮರ್ಯಾದೆ.

ಆ ದಿನ ರಾತ್ರಿ ತಟ್ಟೆಗಳನ್ನು ಇಡುವಾಗ ಸದ್ದು ಸ್ವಲ್ಪ ಜೋರಾಗಿಯೇ ಆಯಿತು.

"ಕೇಳೇ ನಿಮ್ಮ ಯಜಮಾನ್ರನ್ನ. ನಿಮ್ಮಪ್ಪನ ನಂಬರ್ ಅಸ್ತಿತ್ವದಲ್ಲಿ ಯಾಕಿಲ್ಲ ಅಂತ."

"ರೀ, ಏನಾಯ್ತು?" ಎಂದಳು ಮಗಳು.

"ಅದೊಂದು ಸಣ್ಣ ಟೆಕ್ನಿಕಲ್ ವಿಷಯ," ಎಂದ ಅಳಿಯ.

"ಸಣ್ಣದೋ ದೊಡ್ಡದೋ ಹೇಳೋಕೆ ಹೇಳು."

ಅಳಿಯ ನೀರು ಕುಡಿದ, ಕೆಮ್ಮಿದ. ಕೊನೆಗೆ ಬಾಯಿಬಿಟ್ಟ. ಹೊಸ ಕಂಪನಿಗೆ ಅರ್ಜಿ ಹಾಕಿಯಾಗಿತ್ತು. ನಂಬರು ಅಲ್ಲಿಗೆ ಬಂದು ಸೇರುವುದಕ್ಕೆ ಇನ್ನೂ ಎರಡು ಮೂರು ದಿನವಿತ್ತು. ಅಷ್ಟರಲ್ಲಿ ಹಳೇ ಕಂಪನಿಯಲ್ಲಿ ಹೊಸ ತಿಂಗಳು ಶುರುವಾಗಿಬಿಡುತ್ತಿತ್ತು. ಸುಮ್ಮನೆ ಒಂದು ತಿಂಗಳ ಬಿಲ್ಲು ಯಾಕೆ ದಂಡ ಎಂದು ಅವನೇ ಹಳೇ ಕಂಪನಿಗೆ ಫೋನ್ ಮಾಡಿ ನಂಬರು ಮುಚ್ಚಿಸಿಬಿಟ್ಟಿದ್ದ. ಮುಚ್ಚಿದ ನಂಬರು ಎಲ್ಲಿಗೂ ಬರುವುದಿಲ್ಲ ಎಂದು ಹೊಸ ಕಂಪನಿ ಹೇಳಿತು.

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂತ ನೋಡಿದೆ. ಅದು ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಯಾರಿಗೆ ಗೊತ್ತಿತ್ತು?"

"ಹಾವು ಹರ್ಕೊಂಡು ಹೋಯ್ತು, ಕೋಲು ನಮ್ಮ ಬೆನ್ನ ಮೇಲೆ ಮುರೀತು ಅಂತ ಹೇಳೇ."

"ಹಾಗಾದ್ರೆ ಆ ಫ್ಯಾಮಿಲಿ ಪ್ಲಾನ್ ಬಿಟ್ಟುಹೋಯ್ತಾ?" ಎಂದಳು ಮಗಳು.

"ಇಲ್ಲ ಇಲ್ಲ, ಅದು ಸಿಕ್ತು! ಮಾವನ ಟೆಂಪರರಿ ನಂಬರನ್ನೇ ನಾಲ್ಕನೇದು ಅಂತ ತೋರಿಸಿದೆ." ಹೇಳುವಾಗ ಅವನ ಮುಖದಲ್ಲಿ ಗೆಲುವು ಕಾಣಿಸಿತು. ಅಂಗಿಯ ತೋಳು ಮೇಲಕ್ಕೆ ಸರಿದಿತ್ತು. ಕೈಯಲ್ಲಿ ಕಪ್ಪು ಮುಖದ ಹೊಸ ವಾಚು.

ಮಗಳು ಆ ವಾಚನ್ನೇ ನೋಡಿದಳು. "ಅದು ಆಫೀಸಲ್ಲಿ ಬಹುಮಾನ ಬಂತು ಅಂದಿದ್ರಿ."

"ಅದು... ನಾಲ್ಕು ನಂಬರ್ ತಂದವರಿಗೆ ಕಂಪನಿಯಿಂದ..."

ಒಂದು ವಾಚಿಗಾಗಿ! ಅದೂ ಗೋಡೆಯ ಮೇಲೆ ಗಡಿಯಾರ ಇರುವ ಮನೆಯಲ್ಲಿ! ಮೇಸ್ತ್ರಮ್ಮನಿಗೆ ಬೈಯುವುದಕ್ಕೂ ಹೇಸಿಗೆಯಾಯಿತು. ಮೇಸ್ತ್ರಿ ಇಷ್ಟು ಹೊತ್ತು ಸುಮ್ಮನಿದ್ದವನು, "ಹಾಗಾದ್ರೆ ನಂಬರ್ ಇಲ್ವಾ?" ಎಂದು ಕೇಳಿದ. ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ. ಫೋನು ಬಡಿಯದೆಯೂ ಅವನು ಊಟದಿಂದ ಎದ್ದದ್ದು ಅವತ್ತೇ.

ಮರುದಿನದಿಂದ ಅವಳು ಗಂಡನ ಬೆನ್ನು ಹತ್ತಿದಳು. "ಹೊಸ ನಂಬರಾದ್ರೆ ಹೊಸ ನಂಬರು. ಡಬ್ಬಿ ತಗೊಂಡು ಮನೆಮನೆಗೆ ಹೋಗಿ ಬರೆದು ಬನ್ನಿ."

"ಮನೆಮನೆಗೆ ಹೋಗಿ ನಿಮ್ಮ ನಲ್ಲಿ ಸೋರುತ್ತಾ ಅಂತ ಕೇಳೋಕೆ ನಾನೇನು ಭಿಕ್ಷುಕನಾ? ಇಷ್ಟು ವರ್ಷ ಅವರೇ ಕರೀತಿದ್ರು, ನಾನು ಹೋಗ್ತಿದ್ದೆ."

"ಈಗ ಕರೆಯೋಕೆ ಅವರ ಹತ್ರ ನಂಬರೆಲ್ಲಿದೆ?"

"ಬೇಕಾದವರು ಮನೆ ಹುಡುಕ್ಕೊಂಡು ಬರ್ತಾರೆ."

ಒಬ್ಬರೂ ಬರಲಿಲ್ಲ. ಅಡುಗೆಮನೆಯಲ್ಲಿ ನೀರು ನಿಂತವರು ಮನೆ ಹುಡುಕುತ್ತ ಕೂರುತ್ತಾರೆಯೇ, ಸಿಕ್ಕ ಇನ್ನೊಬ್ಬನನ್ನು ಕರೆಯುತ್ತಾರೆ. ಮೇಸ್ತ್ರಿ ಮೆಟ್ಟಿಲ ತಿರುವಿನಲ್ಲಿ ಸ್ಟೂಲು ಹಾಕಿಕೊಂಡು, ಎಲ್ಲೆಲ್ಲಿಯೋ ಯಾರ್ಯಾರೋ ನಲ್ಲಿ ರಿಪೇರಿ ಮಾಡುವ ವಿಡಿಯೋ ನೋಡುತ್ತ ದಿನ ಕಳೆದ. "ಥೂ, ಹಾಗೆ ತಿರುಗಿಸಬಾರದು ಕಣಯ್ಯಾ," ಎಂದು ಫೋನಿನೊಳಗಿನವನನ್ನು ಬೈಯುತ್ತಿದ್ದ. ಮೇಲಿನ ಮನೆಯವರು ಮೆಟ್ಟಿಲು ಹತ್ತುವಾಗ ಅವನ ಮೊಣಕಾಲು ದಾಟಿಕೊಂಡು ಹೋಗುತ್ತಿದ್ದರು. ಅವನ ಬೆನ್ನು ಬಾಗಿತು, ಗಡ್ಡ ಬೆಳೆಯಿತು. ಮೇಸ್ತ್ರಮ್ಮನಿಗೆ ಕೋಪದ ಜೊತೆಗೆ ಹೆದರಿಕೆಯೂ ಶುರುವಾಯಿತು. ಯಾರೂ ಕರೆಯದ ಗಂಡಸು ಎಷ್ಟು ಬೇಗ ಮುದುಕನಾಗುತ್ತಾನೆ ಅನ್ನುವುದನ್ನು ಅವಳು ಕಣ್ಣಾರೆ ನೋಡುತ್ತಿದ್ದಳು. ಅವನನ್ನು ಕಳೆದುಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು, ಅದೂ ಒಂದು ವಾಚಿನ ಬೆಲೆಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಮೇಸ್ತ್ರಿಯೇ ಬನಿಯನ್ನಿನಲ್ಲಿ, ಬಾಯಲ್ಲಿ ತುತ್ತಿಟ್ಟುಕೊಂಡು ಹೋಗಿ ತೆಗೆದ. ಹೊರಗೆ ಹಿಂದಿನ ಬೀದಿಯ ದರ್ಜಿ. ಕೈಯಲ್ಲಿ ಬಿಳಿ ಹೂವಿನ ಕಟ್ಟು. ಮೇಸ್ತ್ರಿಯ ಮುಖ ನೋಡಿದವನೇ ಎರಡು ಮೆಟ್ಟಿಲು ಹಿಂದಕ್ಕೆ ಇಳಿದ.

"ಏನ್ರೀ ದರ್ಜಿಗಳೇ, ಹೂವು ಯಾರಿಗೆ?"

"ನಿ... ನಿಮಗೇ."

"ನನಗ್ಯಾಕ್ರೀ?"

"ತೀರಿಕೊಂಡ್ರಿ ಅಂತ ಹೇಳಿದ್ರು."

ಮೇಸ್ತ್ರಿ ತುತ್ತು ನುಂಗಿದ. ಅಷ್ಟರಲ್ಲಿ ಮೇಸ್ತ್ರಮ್ಮ ಬಂದು ದರ್ಜಿಯನ್ನು ಕೈ ಹಿಡಿದೇ ಒಳಗೆ ಎಳೆದು ಕೂರಿಸಿದಳು. "ಯಾರ್ರೀ ಹೇಳಿದ್ದು? ಯಾರ ಬಾಯಿ ಅದು?"

"ನಮ್ಮ ಮನೇಲಿ ನಲ್ಲಿ ಬಿಟ್ಟುಹೋಗಿತ್ತು ಅಮ್ಮಾ. ಸಿಂಕ್ ಕೆಳಗಿರೋ ನಂಬರಿಗೆ ಫೋನ್ ಮಾಡಿದೆ. ಯಾರೋ ಗಂಡಸು ಎತ್ತಿದ್ರು. ಮೇಸ್ತ್ರಿ ಹೋಗ್ಬಿಟ್ರು, ಇನ್ನು ಫೋನ್ ಮಾಡ್ಬೇಡಿ ಅಂದ್ರು. ನಮ್ಮ ಸಾಲಿನಲ್ಲಿ ಎಲ್ಲರಿಗೂ ಹಾಗೇ ಅಂದಿದಾರೆ. ಪಾಪ, ಒಳ್ಳೆಯವರು, ಸ್ವಲ್ಪ ನಿಧಾನ ಅಷ್ಟೆ ಅಂತ ನಾವೆಲ್ಲ ಮಾತಾಡ್ಕೊಂಡ್ವಿ."

"ನಿಧಾನಾನಾ?" ಎಂದ ಮೇಸ್ತ್ರಿ.

ಮೇಸ್ತ್ರಮ್ಮ ಮಗಳ ಕೈಯಿಂದ ಫೋನು ಕಿತ್ತುಕೊಂಡಳು. ಅಂಗಡಿಗೆ ರಜೆಯಿದ್ದುದರಿಂದ ಮಗಳು ಮನೆಯಲ್ಲೇ ಇದ್ದಳು. ನಂಬರು ಒತ್ತಿದರೆ ಈ ಸಲ ಮರ್ಯಾದೆಯ ದನಿಯಿಲ್ಲ, ಗಂಟೆ ಬಾರಿಸಿತು. ಬಹಳ ಹೊತ್ತಿನ ಮೇಲೆ ನಿದ್ದೆಗಣ್ಣಿನ ಗಂಡಸು ದನಿಯೊಂದು ಎದ್ದಿತು.

"ನಲ್ಲಿ ಮೇಸ್ತ್ರೀನಾ? ತೀರ್ಕೊಂಡ್ರು ರೀ. ಮಾಡ್ಬೇಡಿ ಫೋನ್."

"ಯಾವಾಗ?" ಎಂದಳು ಮೇಸ್ತ್ರಮ್ಮ.

"ಹೋದ ವಾರ. ಯಾರು ನೀವು?"

"ಸತ್ತವರ ಹೆಂಡತಿ."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು.

"ಅವರು ಇಲ್ಲೇ ನಿಂತ್ಕೊಂಡು ತಟ್ಟೆ ನೆಕ್ತಾ ಇದಾರೆ. ನಿಮ್ಮ ಮನೆ ಎಲ್ಲಿ, ಅದನ್ನ ಮೊದಲು ಹೇಳಿ."

ನಂಬರು ಮುಚ್ಚಿ ಕೆಲವು ವಾರವಾದ ಮೇಲೆ ಹಳೇ ಕಂಪನಿ ಅದನ್ನು ಇನ್ನೊಬ್ಬನಿಗೆ ಕೊಟ್ಟಿತ್ತು. ಅವನು ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ರಾತ್ರಿಯೆಲ್ಲ ಒಲೆಯ ಮುಂದೆ, ಹಗಲೆಲ್ಲ ನಿದ್ದೆ. ಮರುದಿನ ಬೆಳಿಗ್ಗೆ ಮೇಸ್ತ್ರಮ್ಮ ಗಂಡನನ್ನು ಎಳೆದುಕೊಂಡು, ಚೀಲವನ್ನೂ ಹೊರಿಸಿಕೊಂಡು ಅವನ ಕೋಣೆಗೆ ಹೋದಳು. ಕಿಟಕಿಗೆ ದಪ್ಪ ಕಂಬಳಿ, ಅವನ ಕಿವಿಯ ಮೇಲೆ ಇನ್ನೂ ಹಿಟ್ಟು, ಕಣ್ಣು ಕೆಂಡ. ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿ ಕೈ ಮುಗಿದ.

"ಕ್ಷಮಿಸಿ ಸ್ವಾಮಿ. ಮೊದಲು ರಾಂಗ್ ನಂಬರ್ ಅಂದೆ, ಮತ್ತೆ ಮಾಡಿದ್ರು. ಊರಿಗೆ ಹೋಗಿದಾರೆ ಅಂದೆ, ಯಾವಾಗ ಬರ್ತಾರೆ ಅಂದ್ರು. ಕಣ್ಣು ಮುಚ್ಚೋಕೆ ಬಿಡಲಿಲ್ಲ. ಸತ್ತುಹೋದ್ರು ಅಂದ ಮೇಲೆ ಯಾರೂ ವಾದ ಮಾಡ್ಲಿಲ್ಲ."

"ನಿಮ್ಮ ನಿದ್ದೆಗೆ ನನ್ನ ಗಂಡನೇ ಬೇಕಾಗಿತ್ತಾ?"

"ಇದನ್ನ ಕೇಳಿ ಅಮ್ಮಾ. ನನ್ನ ಸಿಂಕೂ ತೊಟ್ಟಿಕ್ತಾ ಇತ್ತು. ಬಗ್ಗಿ ನೋಡಿದೆ, ಗೋಡೆ ಮೇಲೆ ನಂಬರ್ ಇತ್ತು. ಮಾಡಿದ್ರೆ ಎಂಗೇಜು. ಮಾರನೇ ದಿನಾನೂ ಎಂಗೇಜು. ಎಂಥಾ ಬಿಜಿ ಮನುಷ್ಯನಪ್ಪಾ ಅಂದ್ಕೊಂಡೆ. ಆಮೇಲೆ ನೋಡ್ತೀನಿ, ಅದು ನಂದೇ ನಂಬರು!"

ಮೇಸ್ತ್ರಮ್ಮನಿಗೆ ನಗು ಬಂತು. ಸಿಟ್ಟಿನಲ್ಲಿ ಬಂದವಳಿಗೆ ನಗು ಬಂದದ್ದು ಇನ್ನಷ್ಟು ಸಿಟ್ಟು ತರಿಸಿತು. ಮೇಸ್ತ್ರಿ ಆಗಲೇ ಸಿಂಕಿನ ಕೆಳಗೆ ಬಗ್ಗಿದ್ದ. ತೊಟ್ಟಿಕ್ಕುವುದು ನಿಂತಿತು. ಬ್ರೆಡ್ಡಿನವನು ನಂಬರು ಬಿಟ್ಟುಕೊಡುವುದಕ್ಕೆ ಒಂದು ಮಾತೂ ಕೇಳಲಿಲ್ಲ. "ದಯವಿಟ್ಟು ತಗೊಂಡು ಹೋಗಿ," ಎಂದ. ಮೂವರೂ ಹಳೇ ಕಂಪನಿಯ ಆಫೀಸಿಗೆ ಹೋದರು. ನಂಬರು ಮೇಸ್ತ್ರಿಯ ಹೆಸರಿಗೆ ತಿರುಗಿ ಬರುವಷ್ಟರಲ್ಲಿ ಬ್ರೆಡ್ಡಿನವನು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ ಸಹಿ ಹಾಕಿಸಿ, ಹೊಸ ನಂಬರೊಂದನ್ನು ಅವನ ಜೇಬಿಗೆ ಹಾಕಿ ಕಳಿಸಿದರು.

ರಾತ್ರಿ ಅಳಿಯ ಮೇಜಿನ ಮೇಲಿದ್ದ ಹಳೇ ಕಂಪನಿಯ ಸಿಮ್ಮನ್ನು ಎತ್ತಿ ದೊಡ್ಡ ಫೋನಿಗೆ ಸಿಕ್ಕಿಸಿದ. ಫೋನು ತಕರಾರಿಲ್ಲದೆ ತೆಗೆದುಕೊಂಡಿತು. ಮನೆಯೊಳಗೇ ಸಿಗ್ನಲ್ಲು ಬಂತು.

"ನೋಡಿದ್ರಾ ಮಾವ? ಯಾವ ಸಿಮ್ ಹಾಕಿದ್ರೂ ತಗೊಳ್ಳುತ್ತೆ. ಅನ್‌ಲಾಕ್ ಫೋನ್ ಆಗಿದ್ದಕ್ಕೇ ಇವತ್ತು ಬಚಾವಾದ್ವಿ. ನಾನು ಅವತ್ತೇ ಹೇಳಿರ್ಲಿಲ್ವಾ?"

ಮಗಳು ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಮೇಲೆ ಬಿಟ್ಟಳು. ಮೇಸ್ತ್ರಿ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಅದನ್ನೇ ನೋಡುತ್ತ ಉಂಡ. ಅದು ಬಡಿಯಲಿಲ್ಲ. ಮರುದಿನವೂ ಬಡಿಯಲಿಲ್ಲ. ಅದರ ಮರುದಿನವೂ. ನಂಬರು ಬದುಕಿತ್ತು, ಆದರೆ ಊರಿನ ಪಾಲಿಗೆ ಮೇಸ್ತ್ರಿ ಸತ್ತಿದ್ದ. ಸತ್ತವನಿಗೆ ಯಾರು ಫೋನ್ ಮಾಡುತ್ತಾರೆ?

ರಜೆಯ ದಿನ ಬೆಳಿಗ್ಗೆ ಅಳಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ನೀಡಿ ಕೂತು, ಇನ್ನೊಂದು ಕಂಪನಿಯ ಇನ್ನೊಂದು ಆಫರನ್ನು ಓದುತ್ತಿದ್ದ. ಮೇಸ್ತ್ರಮ್ಮ ಗಂಡನ ಚೀಲದಿಂದ ಕಪ್ಪು ಬಣ್ಣದ ಡಬ್ಬಿ, ಕುಂಚ ತೆಗೆದಳು. ತಂದು ಅವನ ಮುಂದೆ ಇಟ್ಟಳು.

"ಅಳಿಯಂದ್ರೇ."

ಅಳಿಯ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಮಗಳು ಅಡುಗೆಮನೆಯಿಂದ ತಲೆ ಹೊರಗೆ ಹಾಕಿದಳು.

"ನಿಮಗೇ ಹೇಳ್ತಾ ಇರೋದು. ಈ ಡಬ್ಬಿ ತಗೊಳ್ಳಿ. ಹಿಂದಿನ ಬೀದಿಯಿಂದ ಶುರು ಮಾಡಿ. ಒಂದು ಮನೆ ಬಿಡ್ಬೇಡಿ. ಪ್ರತಿ ಮನೇಲೂ ಸಿಂಕ್ ಕೆಳಗೆ ಬಗ್ಗಿ, ನಂಬರಿನ ಕೆಳಗೆ 'ಮೇಸ್ತ್ರಿ ಬದುಕಿದ್ದಾರೆ' ಅಂತ ಬರೀರಿ."

"ಅತ್ತೆ, ಅದಕ್ಕೆಲ್ಲ ಒಂದು ಮೆಸೇಜ್ ಹಾಕಿದ್ರೆ..."

"ಪೈಪ್ ಒಡೆದಾಗ ಜನ ಮೆಸೇಜ್ ನೋಡಲ್ಲ, ಬಗ್ತಾರೆ. ನೀವೂ ಬಗ್ಗಿ. ನಿಮ್ಮಿಂದ ಸತ್ತವರು, ನಿಮ್ಮ ಕೈಯಿಂದಲೇ ಬದುಕಲಿ."

ಅಳಿಯ ಹೆಂಡತಿಯ ಕಡೆ ನೋಡಿದ. "ನನ್ನನ್ಯಾಕೆ ನೋಡ್ತೀರಿ? ಅಮ್ಮ ನಿಮಗೇ ಹೇಳಿದಾರಲ್ಲ," ಎಂದು ಅವಳು ಒಳಗೆ ಹೋದಳು. ಮಾವನ ಕಡೆ ನೋಡಿದ. ಮೇಸ್ತ್ರಿ, "ಅಂಕಿ ಮೇಲೆ ಬಣ್ಣ ಹತ್ತದ ಹಾಗೆ ನೋಡ್ಕೊಳ್ಳಿ ಅಳಿಯಂದ್ರೇ," ಎಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ರಜೆಯ ದಿನ ಬೆಳಿಗ್ಗೆ ಆ ಕುರ್ಚಿ ಖಾಲಿಯಾಯಿತು.

ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಕೂತು ಮೊದಲ ತುತ್ತು ಎತ್ತಿದ್ದ. ಫೋನು ಬಡಿಯಿತು. ಮೂವರೂ ಬೆಚ್ಚಿಬಿದ್ದರು. ಮೇಸ್ತ್ರಿಯ ಗಟ್ಟಿ ಬೆರಳಿಗೆ ಪರದೆ ಒಪ್ಪಲಿಲ್ಲ. ಮೇಸ್ತ್ರಮ್ಮನೇ ಒತ್ತಿ ಕಿವಿಗಿಟ್ಟುಕೊಂಡಳು. ಹಿಂದಿನ ಬೀದಿಯ ಮೂಲೆಮನೆಯ ಮುದುಕಿ ಕಿರುಚುತ್ತಿದ್ದಳು.

"ನಮ್ಮ ಸಿಂಕ್ ಕೆಳಗೆ ಯಾರೋ ಒಬ್ಬ ಬಂದು ಮೇಸ್ತ್ರಿ ಬದುಕಿದ್ದಾರೆ ಅಂತ ಬರೀತಾ ಇದ್ದ ಕಣಮ್ಮಾ! ಏಳೋವಾಗ ವಾಲ್ವ್ ಹಿಡ್ಕೊಂಡು ಎದ್ದ, ವಾಲ್ವ್ ಅವನ ಕೈಗೇ ಬಂದ್ಬಿಡ್ತು! ಮನೆಯೆಲ್ಲ ನೀರು! ಬದುಕಿದ್ರೆ ಬೇಗ ಬರೋಕೆ ಹೇಳು!"

ಮುದುಕಿ ಹೇಳಿ ಮುಗಿಸುವ ಮೊದಲೇ ಮೇಸ್ತ್ರಿ ಚೀಲ ಹೆಗಲಿಗೇರಿಸಿದ್ದ. ಮೆಟ್ಟಿಲಿನಲ್ಲಿ ಅವನ ಹೆಜ್ಜೆ ದಡಬಡ ಕೇಳಿಸಿತು, ನಿಧಾನವಲ್ಲ. ಮೇಸ್ತ್ರಮ್ಮ ಅಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಕ್ಕದ್ದಕ್ಕೋ ಅತ್ತದ್ದಕ್ಕೋ ಎಂದು ಮಗಳು ಕೇಳಲಿಲ್ಲ.

ಸಂಜೆ ತಂತಿಯ ಮೇಲೆ ಎರಡು ಪ್ಯಾಂಟು ನೇತಾಡಿದವು. ಒಂದು ಮೊಣಕಾಲಿನವರೆಗೆ ಒದ್ದೆ. ಇನ್ನೊಂದು ಸೊಂಟದವರೆಗೆ ಒದ್ದೆ, ಹಿಂಭಾಗದಲ್ಲಿ ಕಪ್ಪು ಬಣ್ಣ. ಅಳಿಯ ಟವೆಲ್ ಸುತ್ತಿಕೊಂಡು, ನೀರು ಹೊಕ್ಕು ನಿಂತುಹೋದ ವಾಚನ್ನು ಅಲ್ಲಾಡಿಸುತ್ತ ಬಾಲ್ಕನಿಗೆ ಬಂದ.

"ಅತ್ತೆ, ನಾಳೆಗೆ ಇದು ಒಣಗಲ್ಲ ಅನ್ಸುತ್ತೆ."

"ಒದ್ದೆದೇ ಹಾಕ್ಕೊಳ್ಳಿ ಅಳಿಯಂದ್ರೇ. ಆಫೀಸು ಮುಗಿಸಿ ಮುಂದಿನ ಬೀದಿಗೆ ಹೋಗ್ಬೇಕಲ್ಲ, ಹೇಗೂ ಒದ್ದೆ ಆಗುತ್ತೆ."

ಒಳಗೆ ಮಗಳು ಅಪ್ಪನಿಗೆ ಬಿಸಿ ಅನ್ನ ಬಡಿಸಿದ್ದಳು. ಮೇಸ್ತ್ರಿ ಕೈ ತೊಳೆದು ಕೂತ, ತುತ್ತು ಕಲಸಿದ, ಎತ್ತಿದ. ಫೋನು ಬಡಿಯಿತು.

"ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡಲ್ಲ ಈ ಪೀಡೆ," ಎಂದು ಮೇಸ್ತ್ರಮ್ಮ ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಬೈದಳು. ಬೈದು, ತಟ್ಟೆ ಮುಚ್ಚಿಟ್ಟಳು.